ಸೊಪ್ಪಿನ ತೋಟ ಮಾರಬೇಡಿ, ಅಪ್ಪ

ನಗೋಯಾ, ಜಪಾನ್, ಭಾನುವಾರ

ಅಪ್ಪನಿಗೆ, ಅಮ್ಮನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಜ್ಜಿಯನ್ನೂ ಪದ್ಮನನ್ನೂ ಕೇಳಿದೆ ಅಂತ ಹೇಳಿ.

ಅಪ್ಪ, ನಿಮ್ಮ ಕಾಗದ ಬಂತು. ರಸ್ತೆ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ತೋಟವನ್ನು ಲೇಔಟಿನವರಿಗೆ ಕೊಟ್ಟು ಪದ್ಮನ ಮದುವೆ ಮಾಡುತ್ತೇನೆ ಅಂತ ಬರೆದಿದ್ದೀರಿ. ಓದಿದಾಗಿನಿಂದ ಕೆಲಸದಲ್ಲಿ ಮನಸ್ಸೇ ಇಲ್ಲ. ಇನ್ನೂ ಮುಂಗಡ ತೆಗೆದುಕೊಂಡಿಲ್ಲ ಅಲ್ವಾ? ತೆಗೆದುಕೊಳ್ಳಬೇಡಿ.

ರಜೆಯಲ್ಲಿ ಶಿರಕಾವಾ-ಗೋ ಅನ್ನುವ ಬೆಟ್ಟದ ಸೀಮೆಗೆ ಹೋಗಿದ್ದೆ. ಅಲ್ಲಿಯ ಓಗಿಮಾಚಿ ಅನ್ನುವ ಹಳ್ಳಿ ನೋಡಿದಾಗ ನಿಮ್ಮದೇ ನೆನಪು. ಸುತ್ತ ಬೆಟ್ಟ, ಪಕ್ಕದಲ್ಲಿ ಶೋಗಾವಾ ನದಿ, ಮನೆಗಳ ನಡುವೆ ಭತ್ತದ ಗದ್ದೆ. ಮನೆಗಳ ಹುಲ್ಲಿನ ಮಾಡು ಕೈಮುಗಿದ ಹಾಗೆ ಕಡಿದಾಗಿ ನಿಂತಿದೆ. ಚಳಿಗಾಲದಲ್ಲಿ ಆಳೆತ್ತರ ಮೀರಿ ಹಿಮ ಬೀಳುತ್ತದೆ, ಅದು ಜಾರಿ ಹೋಗಲಿ ಅಂತ. ಮಾಡಿನ ಮರಗಳಿಗೆ ಮೊಳೆ ಹೊಡೆದಿಲ್ಲ, ಹಗ್ಗ ಮತ್ತು ಎಳೆ ಮರದ ಕಡ್ಡಿಗಳಿಂದ ಬಿಗಿದಿದ್ದಾರೆ.

ಅಜ್ಜಿಗೆ ಇದನ್ನು ಓದಿ ಹೇಳಿ: ಆ ಅಟ್ಟಗಳೆಲ್ಲ ಹುಳುಮನೆಗಳು! ಕೆಳಗೆ ಜನ, ಮೇಲಿನ ಎರಡು ಮೂರು ಅಟ್ಟಗಳಲ್ಲಿ ರೇಷ್ಮೆ ಹುಳು. ಕೆಳಗಿನ ಒಲೆಯ ಬಿಸಿ ಮೇಲೇರಿ ಹುಳುಗಳನ್ನು ಬೆಚ್ಚಗಿಡುತ್ತಿತ್ತು. ಅದೇ ಒಲೆಯ ಹೊಗೆ ಮಾಡಿನ ಹುಲ್ಲಿಗೆ, ಹಗ್ಗಕ್ಕೆ ಹುಳ ಹಿಡಿಯದಂತೆ ಕಾಯುತ್ತಿತ್ತು. ಹಿಕ್ಕೆಯನ್ನೂ ಬಿಸಾಡುತ್ತಿರಲಿಲ್ಲ. ನೆಲದಡಿ ಗುಂಡಿಯಲ್ಲಿ ಮಣ್ಣು, ಸೊಪ್ಪಿನ ಜೊತೆ ಹಾಕಿ ವರ್ಷಗಟ್ಟಲೆ ಕೊಳೆಸಿ, ಕೋವಿ ಮದ್ದಿಗೆ ಬೇಕಾದ ಪೆಟ್ಲುಪ್ಪು ತೆಗೆಯುತ್ತಿದ್ದರು. ಹೊರದೇಶದ ಅಗ್ಗದ ಪೆಟ್ಲುಪ್ಪು ಬಂದ ಮೇಲೆ ಆ ಕಸುಬು ನಿಂತಿತು. ರೇಷ್ಮೆಯೂ ಎರಡನೇ ಮಹಾಯುದ್ಧದ ನಂತರ ಕುಗ್ಗುತ್ತಾ ಬಂದು ನಿಂತೇ ಹೋಯಿತು. ಮೈಸೂರಿನ ಸಂಶೋಧನಾ ಕೇಂದ್ರದಲ್ಲಿ 90ರ ದಶಕದಲ್ಲಿ ನಮ್ಮವರ ಜೊತೆ ಬೈವೋಲ್ಟೈನ್ (ವರ್ಷಕ್ಕೆ ಎರಡು ಪೀಳಿಗೆಯ) ರೇಷ್ಮೆ ಹುಳುವಿನ ಕೆಲಸ ಮಾಡಿದವರು ಜಪಾನಿನವರೇ. ಅವರ ಈ ಊರಿನ ಅಟ್ಟಗಳಲ್ಲಿ ಈಗ ಹುಳು ಸಾಕುವ ಕಸುಬು ಇಲ್ಲ, ನಮ್ಮ ಮನೆಯಲ್ಲಿ ಇದೆ. ನನಗೆ ಎಷ್ಟು ಹೆಮ್ಮೆ ಆಯಿತು ಗೊತ್ತಾ ಅಪ್ಪ.

ಒಂದು ಮಾಡಿಗೆ ಹೊಸ ಹುಲ್ಲು ಹೊದಿಸಬೇಕಾದರೆ ನೂರಾರು ಜನ ಬರುತ್ತಾರೆ. ನಮ್ಮ ಮುಯ್ಯಾಳಿನ ಲೆಕ್ಕವೇ. ಇವತ್ತು ನಿಮ್ಮ ಮನೆಗೆ, ನಾಳೆ ನಮ್ಮ ಮನೆಗೆ. ಬೆಂಕಿಯ ಭಯಕ್ಕೆ ಊರ ತುಂಬ ನೀರಿನ ಕೊಳವೆ ಇಟ್ಟಿದ್ದಾರೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ತೆರೆದು ಪರೀಕ್ಷೆ ಮಾಡುತ್ತಾರಂತೆ.

ಈಗ ಮುಖ್ಯ ಮಾತು. ಆ ಕಣಿವೆಯಲ್ಲಿ ಮಿಬೋರೋ ಅಣೆಕಟ್ಟು ಕಟ್ಟಿದರು, 1961ರಲ್ಲಿ ಮುಗಿಯಿತು. ಮೇಲಿನ ಹಳ್ಳಿಗಳು ಮುಳುಗಿದವು. ಉಳಿದ ಕಡೆಯೂ ಜನ ಹಳೇ ಮನೆ ಮಾರಿ ಪಟ್ಟಣಕ್ಕೆ ಹೊರಟರು. ಆಗ, 1971ರಲ್ಲಿ, ಓಗಿಮಾಚಿಯವರು ಕೂತು ಮಾತಾಡಿಕೊಂಡರು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ಮನೆಗಷ್ಟೇ ಅಲ್ಲ, ಹೊಲ, ಕಾಡಿಗೂ ಅದೇ ಮಾತು. 1995ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಈಗ ಪ್ರಪಂಚವೇ ಬಂದು ನೋಡುತ್ತದೆ.

ನಮ್ಮ ತೋಟವನ್ನು ಯಾರೂ ನೋಡಲು ಬರುವುದಿಲ್ಲ, ಗೊತ್ತು. ಆದರೆ ಆ ಸೊಪ್ಪಿಲ್ಲದೆ ಹುಳು ಮೇಯಿಸುವುದು ಹೇಗೆ? ಕೊಂಡ ಸೊಪ್ಪಲ್ಲಿ ಏನು ಉಳಿಯುತ್ತದೆ? ಗೂಡಿನ ದರ ಇಳಿದ ವರ್ಷ ಏನು ಮಾಡುತ್ತೀರಿ?

ಪದ್ಮನ ಮದುವೆ ಬೇಡ ಅಂತಲ್ಲ. ಆ ಕಣಿವೆಯ ಕೆಲವು ಹಳ್ಳಿಗಳಲ್ಲಿ ಹಿಂದೆ ಜಮೀನು ಭಾಗ ಆಗದಿರಲಿ ಅಂತ ಹಿರಿಮಗನಿಗೆ ಮಾತ್ರ ಮದುವೆ ಮಾಡಿ ಸೊಸೆ ತರುತ್ತಿದ್ದರಂತೆ. ಕೇಳಿ ಸಂಕಟವಾಯಿತು. ನೆಲಕ್ಕೋಸ್ಕರ ಮಕ್ಕಳ ಬಾಳು ನಿಲ್ಲಬಾರದು. ಮದುವೆ ಆಗಲೇಬೇಕು, ಚೆನ್ನಾಗಿಯೇ ಆಗಲಿ. ಆದರೆ ಗಂಡಿನ ಕಡೆಯವರ ಮಾತಿಗೆ ಚಿಕ್ಕಬಳ್ಳಾಪುರದ ದೊಡ್ಡ ಛತ್ರವೇ ಯಾಕೆ? ಮನೆ ಮುಂದೆ ಚಪ್ಪರ ಹಾಕೋಣ. ಡಿಸೆಂಬರಿನಲ್ಲಿ ನನಗೆ ಬೋನಸ್ ಬರುತ್ತದೆ, ಪೂರ್ತಿ ಕಳಿಸುತ್ತೇನೆ. ಉಳಿದದ್ದಕ್ಕೆ ಸೊಸೈಟಿ ಸಾಲ ನನ್ನ ಹೆಸರಲ್ಲಿ ಮಾಡಿ, ನಾನೇ ತೀರಿಸುತ್ತೇನೆ. ಪದ್ಮನನ್ನೂ ಒಂದು ಮಾತು ಕೇಳಿ. ಅವಳಿಗೂ ಆ ತೋಟ ಅಂದರೆ ಪ್ರಾಣ.

ಅಮ್ಮ, ನನ್ನ ಚಿಂತೆ ಬೇಡ. ಊಟ ಚೆನ್ನಾಗಿದೆ, ಇಲ್ಲಿಯ ಅಕ್ಕಿಯಲ್ಲಿ ಅನ್ನ ಸ್ವಲ್ಪ ಅಂಟು, ಅಷ್ಟೇ. ಸಾರು ದಿನಾ ಮಾಡುತ್ತೇನೆ. ಚಳಿಗೆ ದಪ್ಪ ಕೋಟು ಇದೆ, ಕೆಮ್ಮು ಪೂರ್ತಿ ಹೋಗಿದೆ, ದುಡ್ಡಿಗೂ ತೊಂದರೆ ಇಲ್ಲ. ನಿಜವಾಗಿಯೂ ಇಲ್ಲ.

ನಾಳೆ ಬೆಳಗಿನ ಪಾಳಿ, ಬೇಗ ಏಳಬೇಕು. ಲೇಔಟಿನವರು ಮತ್ತೆ ಬಂದರೆ ಮಗನನ್ನು ಕೇಳಬೇಕು ಅಂದುಬಿಡಿ. ಕಾಗದ ಸೇರಿದ ಕೂಡಲೇ ಫೋನ್ ಮಾಡಿ.

ನಿಮ್ಮ ಮಗ,
ಸುರೇಶ