ಹಕ್ಸ್ ಸ್ಟಾರ್ಟರ್ ಮಾದರಿಯ ಡಾಗ್ ಉಲ್ಟಾ ಕತ್ತರಿಸಿ ಕೊಟ್ಟ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಯಂತ್ರಭಾಗ ತಯಾರಿಕಾ ಘಟಕ,
ಬೈಕಂಪಾಡಿ, ಮಂಗಳೂರು

ಇವರಿಂದ,
ನಿಮ್ಮ ಗ್ರಾಹಕ,
ಕುಲಶೇಖರ, ಮಂಗಳೂರು

ವಿಷಯ: ಡ್ರಾಯಿಂಗ್‌ಗೆ ವಿರುದ್ಧವಾಗಿ ಮಾಡಿದ ಡಾಗ್ ಬದಲಿಸಿ ಕೊಡುವ ಬಗ್ಗೆ

ಮಾನ್ಯರೇ,

ಹಳೆಯ ಕಾಲದಲ್ಲಿ ವಿಮಾನದ ಎಂಜಿನ್ ಸ್ಟಾರ್ಟ್ ಮಾಡುತ್ತಿದ್ದ ಹಕ್ಸ್ ಸ್ಟಾರ್ಟರ್ ಎಂಬ ಗಾಡಿಯ ಸಣ್ಣ ಮಾದರಿಗೆ ಕಳೆದ ತಿಂಗಳು ನಿಮ್ಮಲ್ಲಿ ಒಂದು ಸೆಟ್ ಬಿಡಿಭಾಗ ಮಾಡಿಸಿದ್ದೆ. ಎರಡು ಚೈನ್ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ), ಒಂದು ಉದ್ದ ಶಾಫ್ಟ್, ಅದರ ತುದಿಗೆ ಅಡ್ಡ ಪಿನ್, ಶಾಫ್ಟ್ ಕೂರುವ ಎರಡು ಹಿತ್ತಾಳೆ ಬುಷ್, ಮತ್ತೆ ಪ್ರೊಪೆಲ್ಲರಿನ ನಡುಭಾಗಕ್ಕೆ ಕೂರುವ ಒಂದು ಡಾಗ್, ಅಂದರೆ ಆ ಪಿನ್ ಸಿಕ್ಕಿಕೊಳ್ಳುವ ಹಲ್ಲುಗಳಿರುವ ತುಂಡು. ಬಿಲ್ 6,400 ರೂಪಾಯಿ. ಪೂರ್ತಿ ಹಣ ಮುಂಗಡವಾಗಿಯೇ ಕೊಟ್ಟಿದ್ದೇನೆ. ಸ್ಪ್ರಾಕೆಟ್ ಕೆಲಸ ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚೈನ್ ಹಾಕಿದರೆ ಸದ್ದೇ ಇಲ್ಲದೆ ಓಡುತ್ತದೆ. ಆದರೆ ಡಾಗಿನ ಹಲ್ಲುಗಳ ಇಳಿಜಾರು ಉಲ್ಟಾ ಆಗಿದೆ. ನನ್ನ ದೂರು ಮುಖ್ಯವಾಗಿ ಅದರ ಬಗ್ಗೆ.

ಫೋನ್ ಮಾಡಿದಾಗ ನೀವು, "ಶೋಕೇಸ್‌ನಲ್ಲಿ ಇಡೋದಲ್ವಾ, ಯಾರಿಗೆ ಗೊತ್ತಾಗುತ್ತೆ?" ಅಂದಿರಿ. ಆ ಮಾತಿಗೆ ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಮಾಡುತ್ತಿರುವುದು ಹಕ್ಸ್ ಸ್ಟಾರ್ಟರ್ ಎಂಬ ಗಾಡಿಯ ಮಾದರಿ, ಅಸಲಿನ ನಾಲ್ಕನೇ ಒಂದು ಅಳತೆಯಲ್ಲಿ. ಹಳೆಯ ವಿಮಾನಗಳ ಎಂಜಿನ್‌ಗೆ ಮೊದಲು ಸ್ವಂತ ಸ್ಟಾರ್ಟರ್ ಇರಲಿಲ್ಲ. ಮನುಷ್ಯ ಎದುರಿಗೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ಎಳೆದು ತಿರುಗಿಸಬೇಕಿತ್ತು. ಎಂಜಿನ್ ದೊಡ್ಡದಾದರೆ ಇಬ್ಬರು ಮೂವರು ಕೈ ಕೈ ಹಿಡಿದು ಸಾಲಾಗಿ ನಿಂತು ಎಳೆಯುತ್ತಿದ್ದರು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಹೋಯಿತು. ಮುಂದಕ್ಕೆ ಮುಗ್ಗರಿಸಿದರೆ ಜೀವವೇ ಹೋಯಿತು. ಈ ಕಷ್ಟ ತಪ್ಪಿಸಲು ಬ್ರಿಟನ್ನಿನ ಪೈಲಟ್ ಬೆಂಟ್‌ಫೀಲ್ಡ್ ಹಕ್ಸ್ ಯೋಚಿಸಿದ ಉಪಾಯ ಇದು. ಫೋರ್ಡ್ ಮಾಡೆಲ್ ಟಿ ಗಾಡಿಯ ಚಾಸಿಸ್ ಮೇಲೆ ಒಂದು ಕಂಬದ ಚೌಕಟ್ಟು. ಅದರ ಮೇಲೆ ಮುಂದಕ್ಕೆ ಚಾಚಿದ ಉದ್ದ ಶಾಫ್ಟ್. ಗಾಡಿಯ ಎಂಜಿನ್ ಚೈನ್ ಮೂಲಕ ಆ ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟ್ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಆ ಗಾಡಿಯ ಎಂಜಿನ್ ಬರೀ 20 ಹಾರ್ಸ್ ಪವರ್. ಹಕ್ಸ್ 1918ರಲ್ಲೇ ತೀರಿಕೊಂಡರು, ಆದರೆ ಗಾಡಿ ಆಮೇಲೂ ಎಷ್ಟೋ ವರ್ಷ ವಾಯುನೆಲೆಗಳಲ್ಲಿ ದುಡಿಯಿತು. ಇಂಗ್ಲೆಂಡಿನ ಓಲ್ಡ್ ವಾರ್ಡನ್‌ನಲ್ಲಿರುವ ಶಟಲ್‌ವರ್ತ್ ಸಂಗ್ರಹದಲ್ಲಿ ಒಂದು ಈಗಲೂ ಇದೆ.

ಈಗ ಡಾಗಿನ ವಿಷಯ. ಎರಡು ರೂಪಾಯಿ ನಾಣ್ಯದಷ್ಟು ಅಗಲದ ಸಣ್ಣ ತುಂಡು, ಎರಡು ಹಲ್ಲು. ಪ್ರತಿ ಹಲ್ಲಿಗೂ ಒಂದು ಬದಿ ಗೋಡೆಯಂತೆ ನೆಟ್ಟಗೆ, ಇನ್ನೊಂದು ಬದಿ ಹಂಚಿನ ಮಾಡಿನಂತೆ ಇಳಿಜಾರು. ಶಾಫ್ಟಿನ ಅಡ್ಡ ಪಿನ್ ಗೋಡೆಯನ್ನು ತಳ್ಳುತ್ತಾ ಪ್ರೊಪೆಲ್ಲರ್ ತಿರುಗಿಸುತ್ತದೆ. ವಿಮಾನದ ಎಂಜಿನ್ ಹೊತ್ತಿಕೊಂಡ ಕೂಡಲೇ ಪ್ರೊಪೆಲ್ಲರ್ ಶಾಫ್ಟಿಗಿಂತ ಜೋರಾಗಿ ತಿರುಗುತ್ತದೆ. ಆಗ ಇಳಿಜಾರು ಹಿಂದಿನಿಂದ ಬಂದು ಪಿನ್ನನ್ನು ತಾನಾಗಿಯೇ ಹೊರಗೆ ದಬ್ಬುತ್ತದೆ. ಯಾರೂ ಕೈ ಹಾಕಬೇಕಿಲ್ಲ. ಆಮೇಲೆ ಗಾಡಿಯನ್ನು ಹಿಂದಕ್ಕೆ ತೆಗೆದರಾಯಿತು. ನಮ್ಮ ತೋಟದ ಹಳೆಯ ಡೀಸೆಲ್ ಪಂಪ್‌ಸೆಟ್‌ಗೆ ಹ್ಯಾಂಡಲ್ ಹಾಕಿ ತಿರುಗಿಸಿದವರಿಗೆ ಇದು ಗೊತ್ತು. ಪಂಪ್ ಸ್ಟಾರ್ಟ್ ಆದ ಮೇಲೂ ಹ್ಯಾಂಡಲ್ ಬಿಟ್ಟುಕೊಳ್ಳದಿದ್ದರೆ ಏನಾಗುತ್ತದೆ ಎಂದು ನಿಮ್ಮ ಟರ್ನರ್ ಮೇಸ್ತ್ರಿಯನ್ನೇ ಕೇಳಿ.

ನೀವು ಕೊಟ್ಟ ಡಾಗಿನಲ್ಲಿ ಗೋಡೆ ಇರಬೇಕಾದ ಕಡೆ ಇಳಿಜಾರು, ಇಳಿಜಾರು ಇರಬೇಕಾದ ಕಡೆ ಗೋಡೆ.

ಮೊದಲ ಸಲ ಜೋಡಿಸಿ ನೋಡಿದ್ದು ಭಾನುವಾರ ಬೆಳಿಗ್ಗೆ, ಮನೆ ಹಿಂದಿನ ಶೆಡ್ಡಿನಲ್ಲಿ. ಗಾಡಿಯೊಳಗೆ ಸಣ್ಣ ಬ್ಯಾಟರಿ ಮೋಟಾರ್ ಇದೆ. ಎದುರಿನ ಸ್ಟ್ಯಾಂಡಿನಲ್ಲಿ ಹುಲ್ಲು ಕತ್ತರಿಸುವ ಹಳೆಯ ಮೆಷಿನಿನ ಎಂಜಿನ್, ಅದಕ್ಕೆ ಹಲಸಿನ ಮರದಲ್ಲಿ ಆಚಾರಿ ಕೆತ್ತಿಕೊಟ್ಟ 22 ಇಂಚಿನ ಪ್ರೊಪೆಲ್ಲರ್. ಸುತ್ತ ತಂತಿ ಬಲೆ ಹಾಕಿದ್ದೆ. ಮೋಟಾರ್ ಹಾಕಿದೆ. ಪಿನ್ ಡಾಗಿಗೆ ತಾಗಿತು, ಇಳಿಜಾರು ಹತ್ತಿತು, ಟಕ್ ಎಂದು ಹೊರಗೆ ಬಂತು. ಮತ್ತೆ ಕೂರಿಸಿದೆ, ಮತ್ತೆ ಟಕ್. ಪ್ರೊಪೆಲ್ಲರ್ ಅರ್ಧ ಸುತ್ತೂ ತಿರುಗಲಿಲ್ಲ. ಬುಷ್ ಟೈಟ್ ಇರಬಹುದು ಅಂದುಕೊಂಡು ಗಾಡಿಯನ್ನು ಹಿಂದಿನಿಂದ ಒತ್ತಿ ಹಿಡಿದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಒತ್ತಿದ್ದಕ್ಕೆ ಪಿನ್ ಜಾರದೆ ಕಚ್ಚಿಕೊಂಡಿತು, ಎಂಜಿನ್ ಹೊತ್ತಿಕೊಂಡಿತು. ಆಗ ಬಿಡಬೇಕಾದ ಡಾಗ್ ಬಿಡಲಿಲ್ಲ. ಗೋಡೆಯ ಬದಿ ಪಿನ್ನನ್ನು ಹಿಡಿದುಕೊಂಡು ಶಾಫ್ಟನ್ನೂ ಎಳೆದುಕೊಂಡೇ ಓಡಿತು. ಚೈನ್ ಕಳಚಿ ಹಾರಿತು. ಪಿನ್ ಬಾಗಿತು. ಗಾಡಿ ಓರೆಯಾಗಿ ಪ್ರೊಪೆಲ್ಲರಿಗೆ ತಾಗಿ, ಒಂದು ಎಲೆಯ ತುದಿ ಎರಡು ಬೆರಳಿನಷ್ಟು ಸೀಳಿಹೋಯಿತು. ಮಗಳು ಬಲೆಯ ಹೊರಗೆ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಆ ಮರದ ಚೂರು ಬಲೆಗೆ ಬಡಿದದ್ದು ಅವಳ ಮುಖದ ಎತ್ತರದಲ್ಲಿ. ವಿಡಿಯೋ ನನ್ನ ಹತ್ತಿರ ಇದೆ, ಬೇಕಾದರೆ ಕಳಿಸುತ್ತೇನೆ.

ಎರಡನೇ ಸಲ ಫೋನ್ ಮಾಡಿದಾಗ ನಿಮ್ಮ ಆಫೀಸಿನವರು, "ಮೋಟಾರಿನ ವೈರ್ ಉಲ್ಟಾ ಕೊಡಿ ಸರ್, ಸರಿ ಹೋಗುತ್ತೆ" ಅಂದರು. ಹೋಗುವುದಿಲ್ಲ. ಎಂಜಿನ್ನಿನ ಕಿಡಿ ಹಾರುವ ಸಮಯ ಒಂದು ದಿಕ್ಕಿಗೆ ಮಾತ್ರ ಹೊಂದಿಸಿದ್ದು. ಪ್ರೊಪೆಲ್ಲರಿನ ತಿರುಚೂ ಒಂದೇ ದಿಕ್ಕಿನದು. ಒಂದು ತುಂಡು ಉಲ್ಟಾ ಆಯಿತೆಂದು ಉಳಿದದ್ದನ್ನೆಲ್ಲ ಉಲ್ಟಾ ಮಾಡಲು ಆಗುತ್ತದೆಯೇ?

ತಪ್ಪು ಎಲ್ಲಿ ಆಯಿತು ಎಂದು ನನಗೆ ಅಂದಾಜಿದೆ. ನನ್ನ ಡ್ರಾಯಿಂಗಿನಲ್ಲಿ "ಗಾಡಿಯ ಕಡೆಯಿಂದ ಪ್ರೊಪೆಲ್ಲರನ್ನು ನೋಡಿದಾಗ" ಎಂದು ಬರೆದು ಬಾಣ ಹಾಕಿದ್ದೆ. ಪೈಲಟ್ ಕೂತ ಕಡೆಯಿಂದ ನೋಡಿದರೆ ಅದೇ ಸುತ್ತು ಎದುರು ದಿಕ್ಕಿಗೆ ಕಾಣುತ್ತದೆ. ಕಂಪ್ಯೂಟರಿಗೆ ಹಾಕುವಾಗ ಯಾರೋ ಅದನ್ನು ಮಗುಚಿದ್ದಾರೆ. ಒಂದು ಫೋನ್ ಮಾಡಿ ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಡ್ರಾಯಿಂಗಿನ ಮೂಲೆಯಲ್ಲಿ ನನ್ನ ನಂಬರ್ ಇತ್ತು.

ಇನ್ನೊಂದು ಸಣ್ಣ ವಿಷಯ. ಬುಷ್‌ಗಳ ತೂತು 8 ಮಿ.ಮೀ. ಕೇಳಿದ್ದು, ಒಂದರಲ್ಲಿ 8.3 ಇದೆ. ಶಾಫ್ಟ್ ಅಲ್ಲಾಡುತ್ತದೆ. ಅದನ್ನೂ ಬದಲಿಸಿ.

ನನ್ನ ತಂದೆ ಗುರುಪುರದವರು. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದು ಬಜಪೆ ನಿಲ್ದಾಣ ಶುರುವಾದಾಗ ಅವರು ಹುಡುಗ. ಆಮೇಲೆ ಎಷ್ಟೋ ಸಲ ನಡೆದುಕೊಂಡು ಹೋಗಿ ವಿಮಾನ ನೋಡಿದ್ದರಂತೆ. ಸ್ಟಾರ್ಟ್ ಮಾಡುವ ಮೊದಲು ಕೆಲಸದವರು ಪ್ರೊಪೆಲ್ಲರನ್ನು ಕೈಯಿಂದ ನಿಧಾನ ತಿರುಗಿಸುತ್ತಿದ್ದರು, ಯಾಕೆ ಎಂದು ಯಾರೂ ಹೇಳಲಿಲ್ಲ ಅನ್ನುತ್ತಿದ್ದರು. ದೊಡ್ಡವನಾದ ಮೇಲೆ ನಾನೇ ಓದಿ ಅವರಿಗೆ ಹೇಳಿದೆ: ಸುತ್ತಲೂ ಸಿಲಿಂಡರ್ ಇರುವ ಎಂಜಿನ್ ನಿಂತಿದ್ದಾಗ ಕೆಳಗಿನ ಸಿಲಿಂಡರುಗಳಿಗೆ ಆಯಿಲ್ ಇಳಿದು ತುಂಬುತ್ತದೆ, ನೋಡದೆ ಸ್ಟಾರ್ಟ್ ಮಾಡಿದರೆ ಒಳಗೆ ರಾಡ್ ಬಾಗುತ್ತದೆ. ಅವರಿಗೆ ತುಂಬಾ ಖುಷಿಯಾಯಿತು. ವಿಮಾನ ಎಲ್ಲರೂ ನೋಡುತ್ತಾರೆ. ಅದನ್ನು ನೆಲದ ಮೇಲೆ ನಿಂತು ಎಬ್ಬಿಸಿದವರ ಸಾಮಾನುಗಳನ್ನು ನೋಡುವವರು ಕಮ್ಮಿ. ಮಕ್ಕಳಿಗೆ ಅದನ್ನು ಓಡಿಸಿಯೇ ತೋರಿಸಬೇಕು ಎಂಬುದು ನನ್ನ ಆಸೆ. ಶೋಕೇಸಿನಲ್ಲಿ ಸುಮ್ನೆ ಇಡಲು ಆಗಿದ್ದರೆ ಡಾಗನ್ನು ಮರದಲ್ಲೇ ಮಾಡಿಸುತ್ತಿದ್ದೆ, ನಿಮ್ಮ ಹತ್ತಿರ ಬರುತ್ತಿರಲಿಲ್ಲ. ಎಂಜಿನ್ ಹೊತ್ತಿದ ಕ್ಷಣ ಪಿನ್ ಹೊರಬರುವುದನ್ನು ಮಕ್ಕಳು ಕಣ್ಣಾರೆ ನೋಡಬೇಕು. ಎದುರು ನಿಂತವನ ಕೈ ಉಳಿಸಿದ್ದು ಆ ಇಳಿಜಾರೇ.

ಆದ್ದರಿಂದ, ಮೂಲ ಡ್ರಾಯಿಂಗಿನಂತೆ ಹೊಸ ಡಾಗ್, ಹೊಸ ಪಿನ್, ಒಂದು ಬುಷ್ ಇವನ್ನು ಹಣ ಕೇಳದೆ 15 ದಿನದೊಳಗೆ ಮಾಡಿಕೊಡಬೇಕು. ಆಚಾರಿಗೆ ಹೊಸ ಪ್ರೊಪೆಲ್ಲರಿಗೆ ಕೊಡಬೇಕಾದ 1,200 ರೂಪಾಯಿಯನ್ನೂ ಕೊಡಬೇಕು. ಅದು ಜಾಸ್ತಿ ಅನಿಸಿದರೆ ಮಾತಾಡೋಣ, ಆದರೆ ಡಾಗಿನ ವಿಷಯದಲ್ಲಿ ಮಾತಿಲ್ಲ. ಇದು ನನ್ನ ಸ್ವಂತ ಬಳಕೆಗೆ ಮಾಡಿಸಿದ ಕೆಲಸ, ಬಿಲ್ ಕೈಯಲ್ಲಿದೆ. ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕಾಗುತ್ತದೆ. ಅಲ್ಲಿಯವರೆಗೆ ಹೋಗುವ ಇಷ್ಟ ನನಗಿಲ್ಲ. ನಿಮ್ಮ ಮೇಸ್ತ್ರಿಯ ಕೈಕೆಲಸ ನೋಡಿದ್ದೇನೆ, ಅವರಿಗೆ ಇದು ಅರ್ಧ ದಿನದ ಕೆಲಸ.

ಉಲ್ಟಾ ಆದ ಡಾಗ್, ಬಾಗಿದ ಪಿನ್, ಬುಷ್ ಮೂರನ್ನೂ ಈ ಪತ್ರದ ಜೊತೆ ಇಟ್ಟಿದ್ದೇನೆ. ಡ್ರಾಯಿಂಗಿನ ಹೊಸ ಪ್ರತಿಯೂ ಇದೆ. ಈ ಸಲ ಬಾಣವನ್ನು ಕೆಂಪು ಶಾಯಿಯಲ್ಲಿ ಹಾಕಿದ್ದೇನೆ. ಕತ್ತರಿಸುವ ಮೊದಲು ದಯವಿಟ್ಟು ಒಂದು ಫೋನ್ ಮಾಡಿ, ನಾನೇ ಬೈಕಂಪಾಡಿಗೆ ಬಂದು ಲೇಥ್ ಪಕ್ಕ ನಿಲ್ಲುತ್ತೇನೆ.

ಇಂತಿ,
ನಿಮ್ಮ ಗ್ರಾಹಕ