ನಿಂತೇ ಇರುವ ಕಾರಿನ ಬ್ಯಾಟರಿ

ಮಾನ್ಯ ಸಂಪಾದಕರೇ,

ನಮ್ಮ ಕಾರು ಹೊರಗೆ ಹೋಗುವುದೇ ಅಪರೂಪ. ಕಳೆದ ವಾರ ರಾತ್ರಿ ಮಗಳಿಗೆ ಜ್ವರ ಜಾಸ್ತಿಯಾಗಿ ಆಸ್ಪತ್ರೆಗೆ ಹೊರಟೆವು. ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಡ್ಯಾಶ್‌ಬೋರ್ಡ್ ದೀಪ ಮಂಕಾಗಿ ಆರಿಹೋಯಿತು. ಆ ಗಾಬರಿ ಯಾರಿಗೂ ಬೇಡ.

ಆಮೇಲೆ ಬ್ಯಾಟರಿಗೆ ಮೀಟರ್ ಹಿಡಿದೆ: 11.8 ವೋಲ್ಟ್. ಪೂರ್ತಿ ಚಾರ್ಜ್ ಇದ್ದರೆ ಸುಮಾರು 12.6 ಇರಬೇಕು. ಕಾರು ಸುಮ್ನೆ ನಿಂತಿದ್ದರೂ ಗಡಿಯಾರ, ಅಲಾರಂ ಕರೆಂಟ್ ಹೀರುತ್ತಲೇ ಇರುತ್ತವೆ. ಖಾಲಿ ಬಿಟ್ಟ ಬ್ಯಾಟರಿಯ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಮತ್ತೆ ಚಾರ್ಜ್ ಮಾಡಿದರೂ ಮೊದಲಿನ ಬಲ ಬರುವುದಿಲ್ಲ.

ನಾನು ಆಗಾಗ ಐದು ನಿಮಿಷ ಎಂಜಿನ್ ಓಡಿಸಿ ಆರಿಸುತ್ತಿದ್ದೆ. ಅಷ್ಟರಲ್ಲಿ ಬ್ಯಾಟರಿ ತುಂಬುವುದಿಲ್ಲ, ಅಲ್ವಾ? ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಕಾರು ಬಿಟ್ಟು ಊರಿಗೆ ಹೋಗುವುದಿದ್ದರೆ ಬ್ಯಾಟರಿಯ ನೆಗೆಟಿವ್ (–) ಟರ್ಮಿನಲ್‌ನ ತಂತಿ ಬಿಚ್ಚಿಡಿ.

– ಒಬ್ಬ ಓದುಗ