ಪಾಯಿಂಟ್ ಗಾರ್ಡ್ ಮಗಳಿಗೊಂದು ಪತ್ರ

ಪುಟ್ಟಿ,

"ಇಡೀ ಪಂದ್ಯ ಓಡಾಡಿದ್ದೇ ಬಂತು, ನನ್ನ ಹೆಸರಲ್ಲಿ ಬರೀ ನಾಲ್ಕು ಪಾಯಿಂಟ್" ಅಂತ ಫೋನಿನಲ್ಲಿ ಗೊಣಗಿದೆ ಅಲ್ವಾ? ಸಮಾಧಾನ ಹೇಳಲು ಬರೆಯುತ್ತಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಸೂ ಬರ್ಡ್ ನೆನಪಾದಳು, ಅದಕ್ಕೆ.

ಅವಳೂ ನಿನ್ನ ಹಾಗೆ ಪಾಯಿಂಟ್ ಗಾರ್ಡೇ, ಬಾಲ್ ಮುಂದೆ ತಂದು ಆಟ ಕಟ್ಟುವವಳು. 2002ರಲ್ಲಿ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರ್ತಿಯರನ್ನು ಸರದಿಯಲ್ಲಿ ಆರಿಸುವಾಗ, ಸಿಯಾಟಲ್ ಸ್ಟಾರ್ಮ್ ತಂಡ ಎಲ್ಲರಿಗಿಂತ ಮೊದಲು ಅವಳನ್ನು ಆರಿಸಿಕೊಂಡಿತು. 2022ರಲ್ಲಿ ಆಟ ಬಿಡುವವರೆಗೂ ಆ ಲೀಗ್‌ನಲ್ಲಿ ಬೇರೆ ತಂಡಕ್ಕೆ ಹೋಗಲೇ ಇಲ್ಲ. ನಾಲ್ಕು ಸಲ ಲೀಗ್ ಗೆದ್ದಳು, ಒಲಿಂಪಿಕ್ಸ್‌ನಲ್ಲಿ ಐದು ಚಿನ್ನ ತಂದಳು. ಪಂದ್ಯಕ್ಕೆ ಸರಾಸರಿ ಎಷ್ಟು ಪಾಯಿಂಟ್ ಅಂದುಕೊಂಡೆ? 12 ಕೂಡ ಮುಟ್ಟುವುದಿಲ್ಲ! ಆದರೆ ಅಸಿಸ್ಟ್, ಅಂದರೆ ಜೊತೆಯವಳು ಬುಟ್ಟಿಗೆ ಹಾಕುವಂತೆ ಕೊಟ್ಟ ಪಾಸ್, 3,234. ಅವಳು ನಿವೃತ್ತಿಯಾದಾಗ ಲೀಗ್‌ನಲ್ಲಿ ಅಷ್ಟು ಬೇರೆ ಯಾರಿಗೂ ಇರಲಿಲ್ಲ.

ಅಸಿಸ್ಟ್ ಲೆಕ್ಕದ ಕಿರಿಕಿರಿ ನಿನಗೇ ಗೊತ್ತು. ಇಬ್ಬರ ನಡುವೆ ಬಾಲ್ ತೂರಿಸಿ ಸರಿಯಾಗಿ ಕೈಗೇ ಇಟ್ಟರೂ, ಆಚೆಯವಳು ಬುಟ್ಟಿಗೆ ಹಾಕದಿದ್ದರೆ ನಿನಗೆ ಸೊನ್ನೆ. ಅಂಥ ಕೆಲಸವನ್ನೇ ಇಷ್ಟು ವರ್ಷ ಮಾಡಿದಳು. ನಾಲ್ಕು ಫೈನಲ್ ಗೆದ್ದರೂ ಫೈನಲ್‌ನ ಎಂವಿಪಿ, ಅಂದರೆ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ, ಒಂದು ಸಲವೂ ಅವಳಿಗೆ ಬರಲಿಲ್ಲ. 2004ರಲ್ಲಿ ಬೆಟ್ಟಿ ಲೆನಾಕ್ಸ್, 2010ರಲ್ಲಿ ಲಾರೆನ್ ಜಾಕ್ಸನ್, 2018 ಮತ್ತು 2020ರಲ್ಲಿ ಬ್ರಿಯಾನಾ ಸ್ಟೀವರ್ಟ್. ಪಕ್ಕದವರು ಬದಲಾಗುತ್ತಾ ಹೋದರು, ಬಾಲ್ ಕೊಡುವವಳು ಮಾತ್ರ ಇವಳೇ.

ಹಾಗಂತ ಶೂಟ್ ಮಾಡದೆ ಸುಮ್ನೆ ಪಾಸ್ ಕೊಡುತ್ತಾ ಇರು ಅಂತಲ್ಲ. 2018ರ ಸೆಮಿಫೈನಲ್ ನೋಡು. ಫೀನಿಕ್ಸ್ ಮರ್ಕ್ಯುರಿ ಜೊತೆ ನಾಲ್ಕನೇ ಪಂದ್ಯದಲ್ಲಿ ಅವಳ ಮೂಗು ಮುರಿಯಿತು. ಐದನೆಯದು, ಗೆದ್ದವರೇ ಫೈನಲ್‌ಗೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬಂದಳು. ಕೊನೆಯ ಕ್ವಾರ್ಟರ್‌ನಲ್ಲಿ ಪಾಸ್ ಪಕ್ಕಕ್ಕಿಟ್ಟು ತಾನೇ ಶೂಟ್ ಮಾಡತೊಡಗಿದಳು. ಅದೊಂದರಲ್ಲೇ 14 ಪಾಯಿಂಟ್! ಆಗ ಅವಳಿಗೆ 37 ವರ್ಷ. ಮೊನ್ನೆಯ ಪಂದ್ಯದಲ್ಲಿ ನಿನ್ನ ಮುಂದೆ ಯಾರೂ ಇರಲಿಲ್ಲ, ಆದರೂ ಬಾಲ್ ಪಕ್ಕಕ್ಕೆ ಕೊಟ್ಟೆ. ನನಗೆ ಬೇಜಾರಾಗಿದ್ದು ಅದಕ್ಕೆ, ನಾಲ್ಕು ಪಾಯಿಂಟ್‌ಗಲ್ಲ.

ಇನ್ನೊಂದು ವಿಷಯ ನಿನ್ನಮ್ಮ ಬರೆಯಲು ಹೇಳಿದಳು. ಅಮೆರಿಕದಲ್ಲಿ ಸಂಬಳ ಸಾಲದೆ ಸೂ ಬರ್ಡ್ ಸುಮಾರು ಹತ್ತು ವರ್ಷ ಚಳಿಗಾಲದಲ್ಲಿ ರಷ್ಯಾಕ್ಕೆ ಹೋಗಿ ಆಡಿದಳು. ಅಮೆರಿಕದ ಲೀಗ್ ಬೇಸಿಗೆಯಲ್ಲಿ ನಡೆಯುವುದರಿಂದ ಬಿಡುವೇ ಇಲ್ಲ. ಮೊಣಕಾಲಿನ ಆಪರೇಷನ್‌ನಿಂದ 2013 ಮತ್ತು 2019, ಎರಡು ಸೀಸನ್ ಪೂರ್ತಿ ಹೋದವು. ನಿನ್ನ ಬಲ ಮೊಣಕಾಲು ನೋಯುತ್ತಿದೆ ಅಂತ ಕೋಚ್‌ಗೆ ಹೇಳಿದೆಯಾ? ಇಲ್ಲದಿದ್ದರೆ ನಾಳೆ ಪ್ರಾಕ್ಟೀಸ್‌ಗೆ ಮುಂಚೆಯೇ ಹೇಳು.

ನಿನ್ನ ಅಪ್ಪ